ಕರೆಂಟ್ ಬಿಲ್ಲು, ಕೋರ್ಟು ಮತ್ತು ನಮ್ಮ ಸಂಘ

(ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ನೀಡಿದ ಕಾನೂನು ಮಾಹಿತಿ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ ‘ಮಹಿಳೆ ಮತ್ತು ಕಾನೂನು’. ಈ ವಿಷಯ ಕೊಟ್ಟರೆ ವರದಕ್ಷಿಣೆ, ಆಸ್ತಿ ಹಕ್ಕು, ಕೌಟುಂಬಿಕ ದೌರ್ಜನ್ಯ ಇಷ್ಟನ್ನು ಹೇಳಿ ವೇದಿಕೆ ಇಳಿಯುವುದು ಕ್ರಮ. ಇವತ್ತು ನಾನು ಹಾಗೆ ಮಾಡುವುದಿಲ್ಲ. ಒಕ್ಕೂಟದವರು ನಿಮ್ಮ ಕೆಲವು ಸಂಘಗಳ ನಡಾವಳಿ ಪುಸ್ತಕಗಳನ್ನು ನನಗೆ ಓದಲು ಕೊಟ್ಟಿದ್ದರು. ಸಾಲ ಮರುಪಾವತಿ, ಉಳಿತಾಯ ಬಿಟ್ಟರೆ ಅದರಲ್ಲಿ ಮತ್ತೆ ಮತ್ತೆ ಬಂದ ಮಾತು ಯಾವುದು ಗೊತ್ತುಂಟಾ? ಕರೆಂಟ್. ಬಿಲ್ಲು ಜಾಸ್ತಿ ಬಂತು, ಮೀಟರ್ ಓಡುತ್ತದೆ, ಲೈನ್ ಕಡಿದರು, ಆಫೀಸಿಗೆ ಹೋದರೆ ‘ನಾಳೆ ಬನ್ನಿ’ ಎಂದರು. ಒಂದು ಪುಸ್ತಕದಲ್ಲಿ ಒಬ್ಬರು ಹೀಗೆ ಬರೆಸಿದ್ದಾರೆ: ‘ಸರ್ಕಾರದ ಹತ್ತಿರ ಹೇಳಿ ಪ್ರಯೋಜನ ಇಲ್ಲ, ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಬರ್ತದೆ.’ ಈ ಒಂದು ವಾಕ್ಯವನ್ನೇ ಹಿಡಿದುಕೊಂಡು ಮಾತಾಡುತ್ತೇನೆ. ಅದರಲ್ಲಿ ಅರ್ಧ ಸತ್ಯ, ಇನ್ನರ್ಧ ನಮಗೆ ಯಾರೂ ಹೇಳಿಕೊಡದ ವಿಷಯ.

ಮೊದಲು ನಿಮ್ಮ ಸಿಟ್ಟಿನಲ್ಲಿ ಅರ್ಥ ಉಂಟೋ ಇಲ್ಲವೋ ನೋಡೋಣ. 2023ರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್ ಉಚಿತ ಎಂದು ಎಲ್ಲರ ಬಾಯಲ್ಲೂ. ಆದರೆ ಎಲ್ಲರಿಗೂ 200 ಇಲ್ಲ. 2022-23ರಲ್ಲಿ ನಿಮ್ಮ ಮನೆಯಲ್ಲಿ ಸರಾಸರಿ ಎಷ್ಟು ಉರಿದಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿದಷ್ಟು ಮಾತ್ರ ಉಚಿತ. ತೀರಾ ಕಡಿಮೆ ಬಳಸುವ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಎಂದು 2024ರಲ್ಲಿ ಬದಲಾಯಿಸಿದರು. ನಿಮ್ಮ ಲೆಕ್ಕಕ್ಕಿಂತ ಮೇಲೆ ಹೋದರೆ ಆ ಹೆಚ್ಚಿನದ್ದಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳು ಇಡೀ ಬಿಲ್ಲು ನಿಮ್ಮದೇ. ಮದುವೆ, ಬಾಣಂತನ, ಮಳೆಗಾಲದಲ್ಲಿ ಪಂಪು ಎಂದು ಒಂದು ತಿಂಗಳು 201 ಆಯಿತೋ, ಸೊನ್ನೆ ಇದ್ದ ಬಿಲ್ಲು ಸಾವಿರ ದಾಟುತ್ತದೆ. ಇದು ಮೀಟರಿನ ತಪ್ಪಲ್ಲ, ಯೋಜನೆಯ ಲೆಕ್ಕ ಇರುವುದೇ ಹಾಗೆ. ಮೊದಲೇ ಗೊತ್ತಿದ್ದರೆ ಬಿಲ್ಲು ನೋಡಿ ಗಾಬರಿ ಆಗುವುದಿಲ್ಲ.

ಗೃಹಜ್ಯೋತಿಯ ಹೊರಗೆ ಇರುವವರ ಕಥೆ ಬೇರೆ. 2025ರ ಏಪ್ರಿಲ್‌ನಿಂದ ಮನೆಯ ಕರೆಂಟಿನ ದರ ಯೂನಿಟ್‌ಗೆ 10 ಪೈಸೆ ಇಳಿಸಿದ್ದೇವೆ ಎಂದು ಪೇಪರಿನಲ್ಲಿ ಬಂತು. ಸಂತೋಷ. ಆದರೆ ಅದೇ ತಿಂಗಳಿಂದ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಸೇರಿಸಿದರು. ನಿಗದಿತ ಶುಲ್ಕ ಕಿಲೋವಾಟಿಗೆ 120 ಇದ್ದದ್ದು 145 ಆಯಿತು. ಸಂಘದ ಲೆಕ್ಕ ಬರೆಯುವವರು ಇಲ್ಲಿದ್ದೀರಲ್ಲ, ಕೂಡಿಸಿ ನೋಡಿ. ಒಂದು ಕಿಲೋವಾಟ್ ಸಂಪರ್ಕ, ತಿಂಗಳಿಗೆ 100 ಯೂನಿಟ್: 10 ರೂಪಾಯಿ ಇಳಿಯಿತು, 36 ಏರಿತು, 25 ಏರಿತು. ‘ದರ ಇಳಿಕೆ’ಯ ನಂತರ 51 ರೂಪಾಯಿ ಹೆಚ್ಚು. ಪಿಂಚಣಿ ಕೊಡಬಾರದು ಎಂದು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್ ಕೂಡ ಯಾರದೋ ಮನೆಯ ಮಗ. ಹಿಂದಿನ ವಿದ್ಯುತ್ ಮಂಡಳಿ ಕಂಪೆನಿಯಾದ ಮೇಲೆ ಆ ಹೊರೆ ಯಾರದು ಎನ್ನುವ ತಕರಾರು ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ ಬಂದು ಕೂತದ್ದು ಮಾತ್ರ ನಮ್ಮ ಬಿಲ್ಲಿನಲ್ಲಿ.

ಈ ದರ ನಿಗದಿ ಮಾಡುವುದು ಯಾರು? ಮಂತ್ರಿ ಅಲ್ಲ, ಲೈನ್‌ಮ್ಯಾನ್ ಅಂತೂ ಅಲ್ಲವೇ ಅಲ್ಲ. 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಎಸ್ಕಾಂಗಳು ದರ ಏರಿಸಬೇಕೆಂದು ಆಯೋಗಕ್ಕೆ ಅರ್ಜಿ ಹಾಕಬೇಕು, ಅದನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಜನರ ಆಕ್ಷೇಪಣೆ ಕೇಳಬೇಕು. ಹಾಗೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯೇ ಹೇಳುತ್ತದೆ. ಸಾರ್ವಜನಿಕ ವಿಚಾರಣೆಯೂ ನಡೆಯುತ್ತದೆ. ಕೈಗಾರಿಕೆಯವರು ವಕೀಲರನ್ನು ಕರೆದುಕೊಂಡು ಬರ್ತಾರೆ, ರೈತ ಸಂಘದವರು ಬರ್ತಾರೆ. ತಿಂಗಳ ಬಿಲ್ಲು ಹಿಡಿದು ಮಹಿಳಾ ಸಂಘದವರು ಬಂದದ್ದನ್ನು ನಾನಂತೂ ನೋಡಿಲ್ಲ. ಅಡಿಗೆ ಮನೆಯ ಮಿಕ್ಸಿಯಿಂದ ಮಕ್ಕಳ ಓದಿನ ಲೈಟಿನವರೆಗೆ ಕರೆಂಟ್ ಬಳಸುವವರು ನಾವು, ಮಾತಾಡುವವರು ಬೇರೆಯವರು!

ಇನ್ನು ನ್ಯಾಯದ ವಿಷಯಕ್ಕೆ ಬರುತ್ತೇನೆ. ಒಂದು ಸಂಘದ ಸದಸ್ಯೆ. ಊರು, ಆಫೀಸು ಯಾವುದೆಂದು ಹೇಳುವುದಿಲ್ಲ. ಗಂಡ ತೀರಿಹೋಗಿದ್ದಾರೆ, ಬೀಡಿ ಕಟ್ಟುವ ಕೆಲಸ, ಮಗಳು ಎಸ್ಸೆಸ್ಸೆಲ್ಸಿ. ಒಂದು ದಿನ ಮನೆಗೆ ಒಂದು ಚೀಟಿ ಬಂತು. ಮೂರು ವರ್ಷದಿಂದ ನಿಮ್ಮ ಮೀಟರ್ ಸರಿ ಇರಲಿಲ್ಲ, ಆದ್ದರಿಂದ ಹನ್ನೊಂದು ಸಾವಿರ ಚಿಲ್ಲರೆ ಬಾಕಿ, ಕೂಡಲೇ ಕಟ್ಟದಿದ್ದರೆ ಸಂಪರ್ಕ ಕಡಿತ. ಆಕೆ ಏನು ಮಾಡಿದರು? ನಾವೆಲ್ಲ ಮಾಡುವುದನ್ನೇ. ಸಂಘದಿಂದ ಸಾಲ ಕೇಳಿದರು. ಸಂಘದವರೂ ಒಳ್ಳೆಯ ಮನಸ್ಸಿನಿಂದ ಕೊಡಲು ಹೊರಟಿದ್ದರು. ಆಗ ಒಬ್ಬ ಕಾರ್ಯಕರ್ತೆ ‘ಒಂದು ನಿಮಿಷ ನಿಲ್ಲಿ, ಚೀಟಿ ತೋರಿಸಿ’ ಎಂದರು. ಆ ಒಂದು ನಿಮಿಷದಲ್ಲಿಯೇ ಎಲ್ಲ ಇರುವುದು.

ಕಾಯ್ದೆಯ 56ನೇ ಕಲಂ ಏನು ಹೇಳುತ್ತದೆ ಎಂದು ಕೇಳಿ. ಬಾಕಿ ಇದೆ ಎಂದ ಮಾತ್ರಕ್ಕೆ ಬಂದು ಫ್ಯೂಸ್ ಕಿತ್ತುಕೊಂಡು ಹೋಗುವ ಹಾಗಿಲ್ಲ. ಕಡಿಮೆ ಎಂದರೆ ಪೂರ್ತಿ 15 ದಿನಗಳ ನೋಟೀಸು, ಅದೂ ಬರವಣಿಗೆಯಲ್ಲಿ, ಕೊಡಬೇಕು. ಬಾಯಿ ಮಾತು ನೋಟೀಸು ಅಲ್ಲ. ಇನ್ನೊಂದು, ಇದನ್ನು ನಮಗೆ ಯಾರೂ ಹೇಳುವುದಿಲ್ಲ: ಬಿಲ್ಲಿನ ಬಗ್ಗೆ ತಕರಾರು ಇದ್ದರೆ ‘ತಕರಾರು ಕಾಯ್ದಿರಿಸಿ ಕಟ್ಟುತ್ತಿದ್ದೇನೆ’ ಎಂದು ಬರೆದುಕೊಟ್ಟು ಹಣ ಕಟ್ಟಬಹುದು. ಎಷ್ಟು ಕಟ್ಟಬೇಕು? ಅವರು ಕೇಳಿದಷ್ಟು, ಅಥವಾ ಹಿಂದಿನ ಆರು ತಿಂಗಳು ನೀವು ಕಟ್ಟಿದ ಸರಾಸರಿಯ ಲೆಕ್ಕದಲ್ಲಿ ಬರುವಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅಷ್ಟು ಕಟ್ಟಿದರೆ ತಕರಾರು ಇತ್ಯರ್ಥ ಆಗುವ ತನಕ ಲೈನ್ ಕಡಿಯುವ ಹಾಗಿಲ್ಲ. ಹನ್ನೊಂದು ಸಾವಿರಕ್ಕೆ ಸಾಲ ಮಾಡಬೇಕಾಗಿಲ್ಲ, ಮಗಳ ಪರೀಕ್ಷೆ ಹೊತ್ತಿಗೆ ಚಿಮಿಣಿ ಬುಡ್ಡಿ ಹಚ್ಚಬೇಕಾಗಿಯೂ ಇಲ್ಲ.

ಮೂರು ವರ್ಷದ ಹಳೆ ಬಾಕಿಯ ಬಗ್ಗೆ ಎರಡು ವರ್ಷದ ಮಿತಿ ಎಂದು ಕಾಯ್ದೆಯಲ್ಲಿದೆ. ಇದನ್ನು ಕೇಳಿ ‘ಎರಡು ವರ್ಷ ದಾಟಿದ್ದು ಕಟ್ಟುವುದೇ ಬೇಡ’ ಎಂದು ಕೆಲವರು ಹೇಳಿಕೊಟ್ಟು ಬಿಡ್ತಾರೆ. ಅದು ಪೂರ್ತಿ ಸರಿಯಲ್ಲ. ಕಂಪೆನಿಗೆ ತನ್ನ ತಪ್ಪು ತಡವಾಗಿ ಗೊತ್ತಾದರೆ ಎರಡು ವರ್ಷದ ನಂತರವೂ ಹೆಚ್ಚುವರಿ ಬಿಲ್ಲು ಕೊಡಬಹುದು, ಆದರೆ ಆ ಹಳೆ ಬಾಕಿಗೆ ಸಂಪರ್ಕ ಕಡಿಯುವ ಅಸ್ತ್ರ ಬಳಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ರಾಜಸ್ಥಾನದ ಒಂದು ಪ್ರಕರಣದಲ್ಲಿ ಹೇಳಿತು. ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ. ಹಣ ಕೇಳುವುದು ಬೇರೆ, ಕತ್ತಲೆ ತೋರಿಸಿ ಹೆದರಿಸುವುದು ಬೇರೆ.

ಆ ಸದಸ್ಯೆ ಆರು ತಿಂಗಳ ಸರಾಸರಿ ಕಟ್ಟಿದರು, ಬರವಣಿಗೆಯಲ್ಲಿ ದೂರು ಕೊಟ್ಟರು, ಸ್ವೀಕೃತಿಯ ಮೊಹರು ಹಾಕಿಸಿಕೊಂಡರು. ಮೊಹರು ಹಾಕುವುದಿಲ್ಲ ಎಂದರಂತೆ. ಸಂಘದ ಎಂಟು ಮಂದಿ ಜೊತೆಗೆ ಹೋಗಿದ್ದರು, ಸುಮ್ಮನೆ ಬೆಂಚಿನ ಮೇಲೆ ಕೂತರು. ಜಗಳ ಇಲ್ಲ, ಘೋಷಣೆ ಇಲ್ಲ. ಊಟದ ಹೊತ್ತಿಗೆ ಮೊಹರು ಬಿತ್ತು! ಲೆಕ್ಕ ಮತ್ತೆ ನೋಡಿದಾಗ ಮೊತ್ತ ಅರ್ಧಕ್ಕಿಂತ ಕಡಿಮೆ ಆಯಿತು, ಕಂತಿನಲ್ಲಿ ಕಟ್ಟಲು ಒಪ್ಪಿದರು.

ಎಲ್ಲ ಸಲವೂ ಇಷ್ಟು ಸುಲಭ ಆಗುವುದಿಲ್ಲ. ಉಪವಿಭಾಗದಲ್ಲಿ ಕೇಳದಿದ್ದರೆ ಮುಂದೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಉಂಟು. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿ ವಿದ್ಯುತ್ ಓಂಬುಡ್ಸ್‌ಮನ್. ಈ ಎರಡೂ ಕಾಯ್ದೆಯಲ್ಲೇ ಹೇಳಿದ ವ್ಯವಸ್ಥೆಗಳು, ವಕೀಲರು ಬೇಕೆಂದಿಲ್ಲ. ಆದರೆ ನಾನು ಇದನ್ನೂ ಮುಚ್ಚಿಡುವುದಿಲ್ಲ: ವೇದಿಕೆಯ ಅಧ್ಯಕ್ಷರು ಅದೇ ಕಂಪೆನಿಯ ಹಿರಿಯ ಅಧಿಕಾರಿ. ಅತ್ತೆಯ ಮೇಲಿನ ದೂರನ್ನು ಮಾವನ ಹತ್ತಿರ ಹೇಳಿದ ಹಾಗೆ! ಆಯೋಗ ನೇಮಿಸಿದ ಸ್ವತಂತ್ರ ಸದಸ್ಯರು ಒಬ್ಬರು, ಗ್ರಾಹಕರ ಪ್ರತಿನಿಧಿಗಳು ಇರಬೇಕೆಂದು 2020ರ ಕೇಂದ್ರದ ನಿಯಮ ಹೇಳುತ್ತದೆ. ಅಂಥವರು ಇದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ಅದೇ ನಿಯಮಕ್ಕೆ 2024ರಲ್ಲಿ ಮಾಡಿದ ತಿದ್ದುಪಡಿ ನಿಮಗೆ ಬಹಳ ಉಪಯೋಗದ್ದು. ಮೀಟರ್ ಹೆಚ್ಚು ಓಡುತ್ತದೆ ಎಂದು ದೂರು ಕೊಟ್ಟರೆ ಐದು ದಿನದೊಳಗೆ ಇನ್ನೊಂದು ಮೀಟರ್ ಜೊತೆಗೆ ಕೂರಿಸಿ, ಕಡಿಮೆ ಎಂದರೆ ಮೂರು ತಿಂಗಳು ಎರಡನ್ನೂ ಹೋಲಿಸಿ ನೋಡಬೇಕು. 2023ರ ಜೂನ್‌ನಲ್ಲಿ ಕೊಪ್ಪಳ ಜಿಲ್ಲೆಯ ಒಬ್ಬ ಅಜ್ಜಿಯ ತಗಡಿನ ಮನೆಗೆ ಒಂದು ಲಕ್ಷ ರೂಪಾಯಿ ಮೀರಿದ ಬಿಲ್ಲು ಬಂದದ್ದು ನಿಮಗೆ ನೆನಪಿರಬಹುದು. ಟೀವಿಯಲ್ಲಿ ಬಂದ ಮೇಲೆ ಮೀಟರ್ ದೋಷ, ಕಟ್ಟಬೇಕಾಗಿಲ್ಲ ಎಂದರು. ಟೀವಿಯವರು ಬಾರದ ಮನೆಗಳ ಗತಿ ಏನು?

ಇನ್ನೊಂದು ದಾರಿ ಖಾಯಂ ಲೋಕ ಅದಾಲತ್ತು. ವಿದ್ಯುತ್, ನೀರು, ಅಂಚೆ, ಆಸ್ಪತ್ರೆ ಮುಂತಾದ ಸಾರ್ವಜನಿಕ ಸೇವೆಗಳ ವ್ಯಾಜ್ಯಕ್ಕೆಂದೇ ಇದನ್ನು ಮಾಡಿರುವುದು. ಕೋರ್ಟು ಶುಲ್ಕ ಇಲ್ಲ. ಮೊದಲು ರಾಜಿ ಪ್ರಯತ್ನ, ಆಗದಿದ್ದರೆ ಅವರೇ ತೀರ್ಮಾನ ಕೊಡುತ್ತಾರೆ, ಅದು ಕೋರ್ಟಿನ ಡಿಕ್ರಿಯ ಹಾಗೆಯೇ. ಆದರೆ ಬೇರೆ ಕೋರ್ಟಿಗೆ ಹೋಗುವ ಮೊದಲೇ ಇಲ್ಲಿಗೆ ಹೋಗಬೇಕು. ವಕೀಲರು ಬೇಕೆನಿಸಿದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು. ಬಿಪಿಎಲ್ ಕಾರ್ಡು ಕೇಳಿದರೆ ‘ಹೆಂಗಸಾಗಿರುವುದೇ ಸಾಕು’ ಎಂದು ಧೈರ್ಯವಾಗಿ ಹೇಳಿ. ತಾಲೂಕು ಕೋರ್ಟಿನ ಕಟ್ಟಡದಲ್ಲೇ ಅದರ ಸಮಿತಿ ಇರುತ್ತದೆ, ಫೋನು 15100. ಕರೆಂಟ್ ಹೋದದ್ದಕ್ಕೆ, ತಂತಿ ಬಿದ್ದದ್ದಕ್ಕೆ 1912.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಸಂಘಗಳಲ್ಲಿ ಮನೆಯಲ್ಲೇ ಹೊಲಿಗೆ, ಹಪ್ಪಳ, ಹಿಟ್ಟಿನ ಗಿರಣಿ ನಡೆಸುವವರು ಬಹಳ ಮಂದಿ ಇದ್ದೀರಿ. ಮನೆಗೆಂದು ಪಡೆದ ಮೀಟರಿನಲ್ಲಿ ಗಿರಣಿ ಓಡಿಸಿದರೆ ಅದು ‘ಅನಧಿಕೃತ ಬಳಕೆ’ ಆಗಬಹುದು. ಯಾವಾಗಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ, ಆ ಬಳಕೆಗೆ ಸಲ್ಲುವ ದರದ ಎರಡು ಪಟ್ಟು ಹಾಕುತ್ತಾರೆ. ಸಂಘದ ಸಾಲದಲ್ಲಿ ತಂದ ಗಿರಣಿಯ ಲಾಭ ಒಂದೇ ದಿನದಲ್ಲಿ ಹೋಗುತ್ತದೆ. ಆಗಲೂ ಮೊದಲು ಕೊಡುವುದು ತಾತ್ಕಾಲಿಕ ಆದೇಶ, ಅದಕ್ಕೆ ಆಕ್ಷೇಪಣೆ ಬರೆಯಲು ಅವಕಾಶ ಉಂಟು. ಅಂತಿಮ ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು, ಆದರೆ ಅರ್ಧ ಹಣ ಮೊದಲೇ ಕಟ್ಟಬೇಕು. ಕುಂದುಕೊರತೆ ವೇದಿಕೆ, ಗ್ರಾಹಕರ ಆಯೋಗ ಇದಕ್ಕೆ ಬರುವುದಿಲ್ಲ. ಆದುದರಿಂದ ಮಷಿನ್ ತರುವ ಮೊದಲೇ ಸರಿಯಾದ ಸಂಪರ್ಕಕ್ಕೆ ಅರ್ಜಿ ಹಾಕಿ. ಇನ್ನು ಕಂಬಕ್ಕೆ ಕೊಕ್ಕೆ ಹಾಕುವವರು ದಯವಿಟ್ಟು ನನ್ನ ಹತ್ತಿರ ಸಲಹೆ ಕೇಳಬೇಡಿ. ಅದು ಕಳ್ಳತನ, ಜೈಲು ಶಿಕ್ಷೆ ಇರುವ ಅಪರಾಧ. ಅದಕ್ಕಿಂತ ಹೆಚ್ಚಾಗಿ ಅದು ಜೀವ ತೆಗೆಯುತ್ತದೆ.

ಇಷ್ಟು ಹೇಳಿದರೂ ‘ಮೊಮ್ಮಕ್ಕಳ ಕಾಲಕ್ಕೆ ತೀರ್ಪು’ ಎಂಬ ಮಾತಿಗೆ ಉತ್ತರ ಆಗಲಿಲ್ಲ. ದೇಶದ ಕೋರ್ಟುಗಳಲ್ಲಿ ಬಾಕಿ ಇರುವ ಪ್ರಕರಣಗಳು 5 ಕೋಟಿ ದಾಟಿವೆ ಎಂದು 2023ರ ಜುಲೈಯಲ್ಲಿ ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ಕರೆಂಟಿನ ವಿಷಯದಲ್ಲೇ ನಮ್ಮ ಉಡುಪಿ ಜಿಲ್ಲೆಯ ಉದಾಹರಣೆ ಕಣ್ಣೆದುರಿಗಿದೆ. ಪಡುಬಿದ್ರಿ ಪಕ್ಕದ ನಂದಿಕೂರಿನಲ್ಲಿ ಕಲ್ಲಿದ್ದಲಿನ ಸ್ಥಾವರ ಬೇಡ ಎಂದು ಜನ ಹೇಳಲು ಶುರು ಮಾಡಿದ್ದು 1990ರ ದಶಕದಲ್ಲಿ. ಆಗ ಬಂದಿದ್ದ ಕೊಜೆಂಟ್ರಿಕ್ಸ್ ಎಂಬ ಅಮೆರಿಕದ ಕಂಪೆನಿ 1999ರ ಕೊನೆಗೆ ಹಿಂದೆ ಸರಿಯಿತು. ಜನ ಗೆದ್ದೆವು ಎಂದುಕೊಂಡರು. ಹೆಸರು ಬದಲಾಯಿತು, ಕಂಪೆನಿ ಬದಲಾಯಿತು, ಯೋಜನೆ ಉಳಿಯಿತು. 2010ರ ಹೊತ್ತಿಗೆ ಎಲ್ಲೂರಿನಲ್ಲಿ ಸ್ಥಾವರ ಶುರುವಾಯಿತು, ಮುಂದೆ ಒಟ್ಟು 1,200 ಮೆಗಾವಾಟ್ ಆಯಿತು. 2015ರಲ್ಲಿ ಅದಾನಿ ಸಮೂಹ ಅದನ್ನು ಕೊಂಡಿತು. ವಿದೇಶದ ಕಲ್ಲಿದ್ದಲು ಮಂಗಳೂರು ಬಂದರಿಗೆ ಬಂದು ರೈಲಿನಲ್ಲಿ ಅಲ್ಲಿಗೆ ಹೋಗುತ್ತದೆ. ತಣಿಸಲು ಸಮುದ್ರದ ನೀರು. ಬಾವಿಯ ನೀರು ಉಪ್ಪಾಯಿತು, ಬೂದಿ ಬೀಳುತ್ತದೆ, ಮಲ್ಲಿಗೆ ಗಿಡ ಮೊದಲಿನ ಹಾಗೆ ಹೂ ಬಿಡುವುದಿಲ್ಲ ಎಂದು ಸುತ್ತಲಿನವರು ವರ್ಷಗಟ್ಟಲೆ ದೂರು ಹೇಳುತ್ತ ಬಂದರು. ಶಂಕರಪುರ ಮಲ್ಲಿಗೆ ಎಂದರೆ ನಮಗೆ ಮುಡಿಗೇರುವ ಹೂ ಮಾತ್ರವಾ? ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು ಕಟ್ಟಿದ್ದೇ ಆ ಅಟ್ಟೆ, ಚೆಂಡು.

ನಂದಿಕೂರಿನ ಜನಜಾಗೃತಿ ಸಮಿತಿಯವರು ಪ್ರಕರಣ ಬಿಡಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 5 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕಟ್ಟಲು ಹೇಳಿತು. 2022ರ ಮೇ ತಿಂಗಳಲ್ಲಿ ಚೆನ್ನೈಯ ದಕ್ಷಿಣ ಪೀಠ 52 ಕೋಟಿ ಮೀರಿದ ಪರಿಸರ ಪರಿಹಾರವನ್ನು ವಿಧಿಸಿತು. ಲೆಕ್ಕ ಹಾಕಿ. ಮೊದಲ ದೂರು ಹೇಳಿದ ತಾಯಿಯ ಮಗಳು ಈಗ ತಾನೇ ತಾಯಿಯಾಗಿರಬಹುದು. ಅಷ್ಟು ವರ್ಷ ಆ ಬಾವಿಯ ನೀರು ಕುಡಿದವರಿಗೆ ತಡವಾಗಿ ಬಂದ ಆದೇಶದಿಂದ ಏನಾಯಿತು ಎಂದು ಕೇಳಿದರೆ ನನ್ನಲ್ಲಿ ಸಮಾಧಾನದ ಮಾತಿಲ್ಲ. ಇದನ್ನು ನ್ಯಾಯ ಎಂದು ಹೊಗಳುವುದು ನನ್ನಿಂದ ಆಗುವುದಿಲ್ಲ. ಆದರೆ ಒಂದು ಮಾತು ಗಮನಿಸಿ. ತಜ್ಞರ ಸಮಿತಿ ಬಂದಾಗ, ಕೋರ್ಟು ಕೇಳಿದಾಗ, ಬೇಕಾದದ್ದು ಸಿಟ್ಟಲ್ಲ. ಯಾವ ವರ್ಷ ಯಾವ ಬಾವಿ ಉಪ್ಪಾಯಿತು, ಯಾರ ಗದ್ದೆಯಲ್ಲಿ ಎಷ್ಟು ಬೆಳೆ ಇತ್ತು, ಈಗ ಎಷ್ಟು, ಯಾವ ಆಫೀಸಿಗೆ ಯಾವ ತಾರೀಕಿಗೆ ಕಾಗದ ಬರೆದಿರಿ. ಇದನ್ನು ಬರೆದಿಡುವ ಪುಸ್ತಕ ಹಳ್ಳಿಯಲ್ಲಿ ಯಾರ ಹತ್ತಿರ ಉಂಟು? ಪಂಚಾಯತಿನಲ್ಲೂ ಸರಿಯಾಗಿ ಇರುವುದಿಲ್ಲ. ವಾರ ವಾರ ತಾರೀಕು ಹಾಕಿ, ಎಲ್ಲರ ಸಹಿ ಹಾಕಿಸಿ ಬರೆಯುವವರು ನೀವು ಮಾತ್ರ.

ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಒಬ್ಬ ವಿಧವೆಯ ಸಾಮತಿ ಬರುತ್ತದೆ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರು ಇದ್ದೀರಿ, ಆದ್ದರಿಂದ ಕಥೆ ಹೇಳ್ತೇನೆ. ದೇವರಿಗೂ ಹೆದರದ, ಮನುಷ್ಯರನ್ನೂ ಲೆಕ್ಕಿಸದ ಒಬ್ಬ ನ್ಯಾಯಾಧೀಶ. ಈ ಹೆಂಗಸು ನ್ಯಾಯ ಕೊಡಿಸಿ ಎಂದು ದಿನಾ ಹೋಗುತ್ತಾಳೆ. ಕೊನೆಗೆ ಆತ ನ್ಯಾಯ ಕೊಟ್ಟದ್ದು ಮನಸ್ಸು ಕರಗಿ ಅಲ್ಲ, ಇವಳ ಕಾಟ ತಡೆಯಲಾಗದೆ! ಎಡೆಬಿಡದೆ ಪ್ರಾರ್ಥಿಸಬೇಕೆಂದು ಹೇಳಲು ಯೇಸುಸ್ವಾಮಿ ಈ ಸಾಮತಿ ಹೇಳಿದರು ಎಂದು ಗುರುಗಳು ಪ್ರಸಂಗದಲ್ಲಿ ಹೇಳ್ತಾರೆ, ಅದು ಸರಿ. ನಾನು ಓದುವಾಗ ಬೇರೆಯದ್ದೂ ಕಣ್ಣಿಗೆ ಬೀಳುತ್ತದೆ. ಆಕೆ ಮನೆಯಲ್ಲಿ ಕೂತು ಅಳಲಿಲ್ಲ, ಆಫೀಸಿಗೆ ಹೋದಳು. ಒಬ್ಬಳೇ ಹೋದಳು. ನಿಮ್ಮ ಸಂಘದಲ್ಲಿ ಎಷ್ಟು ಮಂದಿ? ಹದಿನೈದು? ಇಪ್ಪತ್ತು?

ಹಾಗಾದರೆ ಈಗ ಏನು ಮಾಡುವುದು ಎಂದು ಹೇಳಿ ಮುಗಿಸುತ್ತೇನೆ, ಊಟಕ್ಕೆ ಹೊತ್ತಾಯಿತು. ಮುಂದಿನ ತಿಂಗಳ ಒಕ್ಕೂಟದ ಸಭೆಗೆ ಪ್ರತಿ ಸಂಘದಿಂದ ಇಬ್ಬರು ಬರುವಾಗ, ತಕರಾರು ಇರುವ ಮನೆಗಳ ಹಿಂದಿನ ಆರು ತಿಂಗಳ ಬಿಲ್ಲು ತನ್ನಿ. ಬಿಲ್ಲಿನ ಶಾಯಿ ಬೇಗ ಮಾಸಿ ಹೋಗ್ತದೆ, ಆದುದರಿಂದ ಇವತ್ತೇ ಜೆರಾಕ್ಸ್ ಮಾಡಿಸಿ. ಆರ್.ಆರ್. ನಂಬರು ಸ್ಪಷ್ಟ ಕಾಣಬೇಕು. ಲೈನ್ ಕಡಿಯುವ ನೋಟೀಸು ಬಂದಿದ್ದರೆ ಅದು ಕೈಗೆ ಬಂದ ತಾರೀಕನ್ನು ಹಿಂಬದಿ ಬರೆಯಿರಿ, ನೋಟೀಸು ಕೊಡದೆ ಕಡಿದಿದ್ದರೆ ಕಡಿದ ದಿನ, ಹೊತ್ತು, ನೋಡಿದವರ ಹೆಸರು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ದೂರು ಅರ್ಜಿ ಬರೆಯಲು ನಾನೂ ಇರುತ್ತೇನೆ, ಎರಡು ಪ್ರತಿ ಮಾಡೋಣ, ಒಂದು ಅವರಿಗೆ, ಮೊಹರು ಹಾಕಿಸಿದ್ದು ನಮಗೆ. ಆಯೋಗದ ದರ ವಿಚಾರಣೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನ ನೋಡಿದವರು ಒಕ್ಕೂಟದ ಕಚೇರಿಗೆ ತಿಳಿಸಿ. ಈ ಸಲ ಆ ಸಭೆಯಲ್ಲಿ ಹೆಂಗಸರ ಕುರ್ಚಿ ಖಾಲಿ ಇರಬಾರದು, ಹೋಗಲು ಬಸ್ಸಿನ ವ್ಯವಸ್ಥೆ ಬಗ್ಗೆ ನಿರ್ದೇಶಕರ ಹತ್ತಿರ ಆಗಲೇ ಕೇಳಿದ್ದೇನೆ, ಅವರು ನಗುತ್ತಾ ಇದ್ದಾರೆ, ಒಪ್ಪಿದ್ದಾರೆ ಎಂದೇ ಇಟ್ಟುಕೊಳ್ಳೋಣ.